ಹಕ್ಕಳೆಯ ಅಡಿಯಲ್ಲಿ

ಮೂಗಿನ ಒಂದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿಕೊಂಡಿದೆ. ಸಿಂಬಳದಲ್ಲಿ ರಕ್ತದ ಎಳೆ, ಜೊತೆಗೆ ಕೊಳೆತ ವಾಸನೆ. ಆವಿ ಹಿಡಿದದ್ದಾಯಿತು, ಎರಡು ಸುತ್ತು ಆ್ಯಂಟಿಬಯೋಟಿಕ್ ಮುಗಿಯಿತು. ‘ಸೈನಸ್ಸೇ ಇರಬೇಕು’ ಎನ್ನುತ್ತಾರೆ ಎಲ್ಲರೂ. ಬಹುಪಾಲು ಅದು ನಿಜವೇ. ಅಪರೂಪಕ್ಕೆ ಮಾತ್ರ ಅದು ಲಿಂಫೋಮಾ, ಅಂದರೆ ಲಿಂಫೊಸೈಟ್ ಎಂಬ ಬಿಳಿರಕ್ತಕಣಗಳ ಕ್ಯಾನ್ಸರ್.

ಮೂಗಿನ ಲಿಂಫೋಮಾಗಳಲ್ಲಿ ಪತ್ತೆಗೆ ತುಂಬಾ ಸತಾಯಿಸುವುದು ಎನ್‌ಕೆ/ಟಿ (ನ್ಯಾಚುರಲ್ ಕಿಲ್ಲರ್/ಟಿ-ಕೋಶ) ಬಗೆಯದು. ಅದರ ಕಥೆ ಹಳೆಯದು: 1897ರಲ್ಲಿ ಎಡಿನ್‌ಬರೋದ ವೈದ್ಯ ಪೀಟರ್ ಮೆಕ್‌ಬ್ರೈಡ್, ಮೂಗು-ಮುಖವನ್ನೇ ತಿಂದುಹಾಕುತ್ತಿದ್ದ ಕಾಯಿಲೆಯೊಂದನ್ನು ದಾಖಲಿಸಿದರು. ಮುಂದೆ ಅಂಥದಕ್ಕೆ ‘ಮಾರಕ ಮಿಡ್‌ಲೈನ್ ಗ್ರಾನುಲೋಮಾ’ ಎಂದು ಹೆಸರಾಯಿತು. ಮೂಲ ಮಾತ್ರ ದಶಕಗಳ ಕಾಲ ಒಗಟಾಗಿಯೇ ಉಳಿಯಿತು. 1990ರಲ್ಲಿ ಜಪಾನಿನ ಹರಾಬುಚಿ ಮತ್ತು ಸಂಗಡಿಗರು ಅಂಥ ರೋಗಿಗಳ ಗೆಡ್ಡೆಯೊಳಗೆ ಎಪ್‌ಸ್ಟೀನ್-ಬಾರ್ ವೈರಸ್ ಇರುವುದನ್ನು ತೋರಿಸಿದರು.

ತೊಡಕಿರುವುದು ಬಯಾಪ್ಸಿಯಲ್ಲಿ. ಈ ಲಿಂಫೋಮಾದ ಕೋಶಗಳು ರಕ್ತನಾಳಗಳ ಗೋಡೆಗೇ ನುಗ್ಗಿ ಅವನ್ನು ಹಾಳುಗೆಡವುತ್ತವೆ. ರಕ್ತ ಸಿಗದೆ ಸುತ್ತಲ ಮಾಂಸ ಸತ್ತು, ಮೇಲೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಚಿಮಟಕ್ಕೆ ಸಿಕ್ಕಿದ್ದು ಆ ಹಕ್ಕಳೆಯಷ್ಟೇ ಆದರೆ, ‘ನೆಕ್ರೋಸಿಸ್ ಇದೆ, ಕ್ಯಾನ್ಸರ್ ಕಾಣಲಿಲ್ಲ’ ಎಂದು ವರದಿ ಬರುತ್ತದೆ. ಮನೆಯವರು ದೇವರಿಗೆ ಕೈಮುಗಿದು ಊರಿಗೆ ಹೊರಡುತ್ತಾರೆ. ನನ್ನನ್ನು ಕಾಡುವುದು ಈ ಹೊರಡುವ ಗಳಿಗೆ. ಸತ್ತ ಮಾಂಸದಲ್ಲಿ ರೋಗ ಹುಡುಕಿದರೆ ಸಿಗುವುದಾದರೂ ಹೇಗೆ? ಹಕ್ಕಳೆ ಸರಿಸಿ, ಇನ್ನೂ ರಕ್ತ ಜಿನುಗುವ ಅಂಚಿನಿಂದ, ಆಳದಿಂದ, ನಾಲ್ಕಾರು ಚೂರು ತೆಗೆಯಬೇಕು. ಎರಡನೆಯ, ಮೂರನೆಯ ಬಯಾಪ್ಸಿ ಬೇಕಾದರೂ ಹಿಂಜರಿಯಬಾರದು.

ನಮ್ಮಲ್ಲಿ ಇನ್ನೊಂದು ಗೊಂದಲವಿದೆ. 2021ರಲ್ಲಿ ಬ್ಲ್ಯಾಕ್ ಫಂಗಸ್ ಕಂಡವರಿಗೆ ಗೊತ್ತು: ಅದೂ ರಕ್ತನಾಳ ಮುಚ್ಚುತ್ತದೆ, ಅದೂ ಮೂಗಿನೊಳಗೆ ಕಪ್ಪುಗಟ್ಟಿಸುತ್ತದೆ, ಅಂಗುಳನ್ನು ತೂತು ಮಾಡುತ್ತದೆ. ಹಾಗಾಗಿ ಒಂದಷ್ಟು ಚೂರು ಫಾರ್ಮಲಿನ್‌ಗೆ, ಒಂದಷ್ಟು ಸಲೈನ್‌ನಲ್ಲಿ ಶಿಲೀಂಧ್ರದ ಕಲ್ಚರ್‌ಗೆ ಹೋಗಬೇಕು. ಇನ್ನೊಂದು ಎಚ್ಚರಿಕೆ: ಬಯಾಪ್ಸಿಗೆ ಮುನ್ನವೇ ಸ್ಟೀರಾಯ್ಡ್ ಕೊಟ್ಟರೆ ಲಿಂಫೋಮಾ ತಾತ್ಕಾಲಿಕವಾಗಿ ಕುಗ್ಗಿ, ಚೂರಿನಲ್ಲಿ ಗುರುತು ಸಿಗದೇ ಹೋಗಬಹುದು.

ಲಿಂಫೋಮಾದ ಶಂಕೆಯಿದೆ ಎಂದು ಪೆಥಾಲಜಿಸ್ಟರಿಗೆ ಕಳಿಸುವ ಚೀಟಿಯಲ್ಲೇ ಬರೆಯಬೇಕು. ಆಗಲೇ ಅವರು ಕೋಶದ ಬಗೆ ಗುರುತಿಸುವ ಸಿಡಿ3, ಸಿಡಿ56 ಬಣ್ಣಗಳನ್ನು ಹಾಕಿ, ಎಪ್‌ಸ್ಟೀನ್-ಬಾರ್ ವೈರಸ್ಸಿನ ಜಾಡು ಹಿಡಿಯುವ ಇಬರ್ ಪರೀಕ್ಷೆ ಮಾಡುವುದು. ಇಬರ್ ಎಲ್ಲ ಲ್ಯಾಬುಗಳಲ್ಲೂ ಇಲ್ಲ. ಆದರೆ ಚೂರನ್ನು ಕೂರಿಸಿದ ಮೇಣದ ಬಿಲ್ಲೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ವರ್ಷಗಟ್ಟಲೆ ಕೆಡುವುದಿಲ್ಲ. ಅದನ್ನು ಕೇಳಿ ಪಡೆದು ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಒಯ್ಯಬಹುದು. ರೋಗ ಮೂಗಿನಲ್ಲಷ್ಟೇ ಇರುವಾಗ ಗೊತ್ತಾದರೆ ರೇಡಿಯೇಶನ್, ಆಸ್ಪರಾಜಿನೇಸ್ ಸೇರಿದ ಕಿಮೋದಿಂದ ಗುಣವಾಗುವವರು ಅನೇಕರು.