ಅಡಿಕೆಯ ಕೊಳೆರೋಗಕಾರಕ: ಬೆಳವಣಿಗೆಯ ರೂಪಗಳು ಮತ್ತು ಸಂತಾನೋತ್ಪತ್ತಿ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಪರಿಸರದ ಮುಖ್ಯ ತೋಟದ ಬೆಳೆಗಳಲ್ಲಿ ಅಡಿಕೆಯೂ ಒಂದು. ಮಲೆನಾಡನ್ನು ಕಾಡುವ ಕೊಳೆರೋಗಕ್ಕೆ ಇಲ್ಲಿಯ ಮಿತವಾದ ಮಳೆ ಅಷ್ಟಾಗಿ ಒದಗಿಬರುವುದಿಲ್ಲ. ಆದರೂ ಜಡಿಮಳೆ ಹಿಡಿದ ವರ್ಷಗಳಲ್ಲಿ ಎಚ್ಚರ ಅಗತ್ಯ. ರೋಗ ಕಂಡ ಮೇಲೆ ಸಿಂಪಡಿಸುವುದಕ್ಕಿಂತ ಮೊದಲೇ ಸಿಂಪಡಿಸುವುದು ಏಕೆ ಮೇಲು ಎಂಬುದಕ್ಕೆ ಉತ್ತರ ರೋಗಕಾರಕದ ಜೀವನಚಕ್ರದಲ್ಲಿಯೇ ಇದೆ.

ಈ ರೋಗವನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಸಿ. ಕೋಲ್ಮನ್ ಅವರು ಕ್ರಮಬದ್ಧವಾಗಿ ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಕರ್ನಾಟಕದಲ್ಲಿ ಇದರ ಪ್ರಮುಖ ಕಾರಕವೆಂದು ಇಂದು ಗುರುತಿಸಲಾಗಿರುವುದು ಫೈಟಾಫ್ಥೊರಾ ಮೀಡಿಯೈ. ರೂಢಿಯಲ್ಲಿ ಶಿಲೀಂಧ್ರವೆನಿಸಿಕೊಂಡರೂ ಇದು ಊಮೈಸೀಟ್ಸ್ ಗುಂಪಿನ ಜೀವಿ. ಇದರ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಇರುತ್ತದೆ.

ಇದರ ದೇಹವು ಅಡ್ಡಗೋಡೆಗಳಿಲ್ಲದ, ಕವಲೊಡೆದ ತಂತುಗಳ ಜಾಲ. ಕಾಯಿಯ ಅಂಗಾಂಶದೊಳಗೆ ಹರಡಿ ಆಹಾರ ಹೀರುವ ಈ ಜಾಲವು ಮೇಲ್ಮೈಯಲ್ಲಿ ಬಿಳಿಯ ಬೂಷ್ಟಾಗಿ ಕಾಣಿಸಿಕೊಳ್ಳುತ್ತದೆ. ತಂತುಗಳ ತುದಿಯಲ್ಲಿ ನಿಂಬೆಯಾಕಾರದ ಬೀಜಾಣುಕೋಶಗಳು ಮೂಡುತ್ತವೆ. ಇದು ನಿರ್ಲಿಂಗ ಸಂತಾನೋತ್ಪತ್ತಿ. ತಂಪಾದ ನೀರು ದೊರೆತಾಗ ಪ್ರತಿ ಕೋಶದಿಂದ ಎರಡೆರಡು ಕಶಾಂಗಗಳುಳ್ಳ ಅನೇಕ ಚರಬೀಜಾಣುಗಳು ಹೊರಬಂದು ಈಜುತ್ತವೆ; ಕಾಯಿಯನ್ನು ತಲುಪಿ ಕಶಾಂಗಗಳನ್ನು ಕಳಚಿ, ಗೋಡೆ ಕಟ್ಟಿಕೊಂಡು, ಮೊಳೆತು ಒಳನುಗ್ಗುತ್ತವೆ. ಬೀಜಾಣುಕೋಶವು ನೇರವಾಗಿ ಮೊಳೆಯುವುದೂ ಉಂಟು. ಮಳೆಹನಿಯ ಸಿಡಿತ ಮತ್ತು ಗಾಳಿ ಇವುಗಳನ್ನು ಗೊನೆಯಿಂದ ಗೊನೆಗೆ ಒಯ್ಯುತ್ತವೆ.

ಲೈಂಗಿಕ ಸಂತಾನೋತ್ಪತ್ತಿಗೆ ಸಾಮಾನ್ಯವಾಗಿ ಎ1 ಮತ್ತು ಎ2 ಎಂಬ ಎರಡು ಸಂಯೋಗ ವರ್ಗಗಳು ಕೂಡಬೇಕು. ಆಗ ಹುಟ್ಟುವ ದಪ್ಪಗೋಡೆಯ ಅಂಡಬೀಜಾಣು ಪ್ರತಿಕೂಲ ಕಾಲವನ್ನು ತಾಳಿಕೊಳ್ಳಬಲ್ಲದು. ಹೊಸ ಗುಣಸಂಯೋಜನೆಗೂ ಅದೇ ದಾರಿ.

ತೋಟದ ಕೆಲಸಗಳು ಈ ರೂಪಗಳಿಗೆ ಅನುಗುಣವಾಗಿವೆ. ಶೇ. 1ರ ಬೋರ್ಡೊ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು ಮತ್ತು 1 ಕಿಲೊ ಸುಣ್ಣ ಸೇರುತ್ತವೆ. ಕಾಯಿಯ ಮೇಲೆ ಉಳಿಯುವ ಅದರ ತಾಮ್ರದ ಲೇಪವು ಮೊಳೆಯುವ ಬೀಜಾಣುವನ್ನು ಕೊಲ್ಲುತ್ತದೆ. ಒಳಹೊಕ್ಕ ತಂತುವನ್ನು ಮುಟ್ಟಲಾರದು. ಆದುದರಿಂದ ಮುಂಗಾರಿಗೆ ಮುನ್ನ ಒಮ್ಮೆ, 40–45 ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸಬೇಕು. ಗೊನೆಗೆ ಕೊಟ್ಟೆ ಕಟ್ಟುವ ಮಲೆನಾಡಿನ ಹಳೆಯ ರೂಢಿಯು ಕಾಯಿಗೆ ನೀರು ತಾಗದಂತೆ ತಡೆದು ಇದೇ ಫಲ ನೀಡುತ್ತಿತ್ತು. ಉದುರಿದ ಕಾಯಿಗಳನ್ನೂ ಮರದಲ್ಲಿ ಒಣಗಿ ಉಳಿದ ರೋಗದ ಗೊನೆಗಳನ್ನೂ ತೆಗೆದು ನಾಶಪಡಿಸಿದರೆ ಮುಂದಿನ ಮಳೆಗಾಲದ ಸೋಂಕಿನ ಮೂಲ ಕಡಿಮೆಯಾಗುತ್ತದೆ. ಅಲಕ್ಷಿಸಿದಲ್ಲಿ ರೋಗವು ಸುಳಿಗೆ ಇಳಿಯಬಹುದು. ಆಗ ನಷ್ಟವಾಗುವುದು ಒಂದು ವರ್ಷದ ಫಸಲಲ್ಲ, ಮರವೇ.