ಗುಲಗಂಜಿಗಿಂತ ಹಗುರವಾದ ಲೆಕ್ಕ

ಪುಣೆಯ ನಿಗಡಿಯಿಂದ ಹಳೆಯ ಮುಂಬೈ ಹೆದ್ದಾರಿ ಹಿಡಿದು ಒಂದು ದಿಕ್ಕಿಗೆ ಹೋದರೆ ದೇಹೂ ರೋಡಿನ ದಂಡುಪ್ರದೇಶ ಸಿಗುತ್ತದೆ, ಅಲ್ಲಿನ ಆರ್ಡ್ನನ್ಸ್ ಫ್ಯಾಕ್ಟರಿ ಸಿಗುತ್ತದೆ. ಇನ್ನೊಂದು ದಿಕ್ಕಿಗೆ ಹೋದರೆ ಖಡಕಿ. ಅಲ್ಲಿಯ ಅಮ್ಯುನಿಷನ್ ಫ್ಯಾಕ್ಟರಿ ಶುರುವಾದದ್ದು 1869ರಲ್ಲಿ. 2021ರ ಅಕ್ಟೋಬರ್‌ನಿಂದ ಅದು ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿದೆ. ತೋಟಾದ ಬುಡದಲ್ಲಿ ‘ಕೆಎಫ್’ ಎಂಬ ಅಕ್ಷರ ಕಂಡರೆ ಅದು ಖಡಕಿಯ ಮಾಲು. ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ದುಡಿಮೆಗೆ ಬಂದು ಈ ಭಾಗದಲ್ಲಿ ನೆಲೆನಿಂತ ಕನ್ನಡಿಗರಿಗೆ ಈ ಕಾಂಪೌಂಡುಗಳು ದಿನವೂ ಕಾಣುತ್ತವೆ. ಒಳಗೆ ತಯಾರಾಗುವ ವಸ್ತುವಿನ ವಿಜ್ಞಾನ ಮಾತ್ರ ಹೆಚ್ಚು ಜನರಿಗೆ ಗೊತ್ತಿಲ್ಲ.

ಇಲ್ಲಿ ಕಾರ್ಖಾನೆಯೊಳಗೆ ನಡೆಯುವ ತೋಟಾ ತುಂಬುವ ಕೆಲಸವನ್ನು ಅಮೆರಿಕದಲ್ಲಿ ಎಷ್ಟೋ ಹವ್ಯಾಸಿಗಳು ಮನೆಯ ಮೇಜಿನ ಮೇಲೆ ಮಾಡುತ್ತಾರೆ. ಹೊಡೆದು ಖಾಲಿಯಾದ ಹಿತ್ತಾಳೆ ಕೇಸನ್ನು ತೊಳೆದು, ಹಿಗ್ಗಿದ್ದನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ತುಂಬುತ್ತಾರೆ. ಹ್ಯಾಂಡ್‌ಲೋಡಿಂಗ್ ಎಂದರೆ ಇದೇ. ಅದರಲ್ಲೂ ಮ್ಯಾಗ್ನಮ್ ರಿವಾಲ್ವರಿನ ತೋಟಾ ತುಂಬುವುದು ಅತ್ಯಂತ ಎಚ್ಚರ ಬೇಡುವ ಕೆಲಸ. ಏಕೆಂದು ತಿಳಿಯಲು ತೋಟಾದೊಳಗೆ ಇಣುಕಬೇಕು.

ತೋಟಾದಲ್ಲಿರುವುದು ನಾಲ್ಕೇ ಭಾಗ. ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ಟ್ರಿಗರ್ ಎಳೆದಾಗ ಮೊಳೆ ಕೇಪಿಗೆ ಬಡಿಯುತ್ತದೆ. ಏಟು ತಾಗಿದರೆ ಸಿಡಿಯುವ ರಾಸಾಯನಿಕ ಅದರಲ್ಲಿದೆ. ಆ ಕಿಡಿ ಸಣ್ಣ ತೂತಿನ ಮೂಲಕ ಮದ್ದಿಗೆ ತಗಲುತ್ತದೆ. ಮದ್ದು ಉರಿದು ಅನಿಲವಾಗುತ್ತದೆ, ಅನಿಲ ಗುಂಡನ್ನು ನೂಕುತ್ತದೆ. ಅದೇ ಕ್ಷಣದಲ್ಲಿ ಹಿತ್ತಾಳೆ ಹಿಗ್ಗಿ, ತೋಟಾಗಳು ಕೂರುವ ಸಿಲಿಂಡರಿನ ಗೋಡೆಗೆ ಒತ್ತಿ ನಿಲ್ಲುವುದರಿಂದ ಬಿಸಿ ಅನಿಲ ಹಿಂದಕ್ಕೆ ನುಗ್ಗುವುದಿಲ್ಲ. ಒತ್ತಡ ಇಳಿದ ಮೇಲೆ ಹಿತ್ತಾಳೆ ತುಸು ಕುಗ್ಗುತ್ತದೆ, ಕೇಸು ಸಲೀಸಾಗಿ ಹೊರಬರುತ್ತದೆ. ಹೀಗೆ ಹಿಗ್ಗಿ ಕುಗ್ಗುವ ಗುಣಕ್ಕಾಗಿಯೇ ನೂರರಲ್ಲಿ 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆಯನ್ನು ಆರಿಸಿಕೊಂಡರು.

ಈಗಿನ ಹೊಗೆಯಿಲ್ಲದ ಮದ್ದು ಹುಟ್ಟಿದ್ದು 1884ರಲ್ಲಿ, ಫ್ರಾನ್ಸಿನ ಪಾಲ್ ವಿಯೆಯ ಪ್ರಯೋಗಾಲಯದಲ್ಲಿ. ಬ್ರಿಟಿಷರು ಅದೇ ಜಾತಿಯ ಕಾರ್ಡೈಟನ್ನು ನಮ್ಮ ನೆರೆಯ ನೀಲಗಿರಿಯ ಅರವಂಕಾಡಿನಲ್ಲಿ ತಯಾರಿಸತೊಡಗಿದರು. ಈ ಮದ್ದಿನ ಗುಣವೊಂದನ್ನು ಮರೆಯಬಾರದು: ಸುತ್ತಲಿನ ಒತ್ತಡ ಏರಿದಷ್ಟೂ ಅದು ಹೆಚ್ಚು ವೇಗವಾಗಿ ಉರಿಯುತ್ತದೆ. ಬಯಲಿನಲ್ಲಿ ಒಂದು ಚಿಟಿಕೆ ಸುರಿದು ಬೆಂಕಿ ತಾಗಿಸಿದರೆ ಭುಗಿಲೆಂದು ಉರಿದು ಆರಿಹೋಗುತ್ತದೆ. ಅದೇ ಚಿಟಿಕೆ ಉಕ್ಕಿನ ಗೋಡೆಗಳ ನಡುವೆ ಸಿಕ್ಕಿಬಿದ್ದರೆ, ಉರಿ ಒತ್ತಡವನ್ನು ಏರಿಸುತ್ತದೆ, ಏರಿದ ಒತ್ತಡ ಉರಿಯನ್ನು ಇನ್ನಷ್ಟು ಕೆರಳಿಸುತ್ತದೆ. ಹಾಗಾಗಿ ಮದ್ದು ಹತ್ತರಲ್ಲೊಂದು ಪಾಲು ಹೆಚ್ಚಾದರೆ ಒತ್ತಡವೂ ಹತ್ತರಲ್ಲೊಂದು ಪಾಲು ಮಾತ್ರ ಹೆಚ್ಚಾಗುತ್ತದೆ ಎಂದುಕೊಳ್ಳುವಂತಿಲ್ಲ. ಅದಕ್ಕಿಂತ ಬಹಳ ಮೇಲಕ್ಕೆ ಜಿಗಿಯುತ್ತದೆ.

ಮ್ಯಾಗ್ನಮ್ ಈ ಒತ್ತಡದ ಏಣಿಯ ಮೇಲಿನ ಮೆಟ್ಟಿಲು. ನಮ್ಮ ದೇಶದ ನಾಗರಿಕರಿಗಾಗಿ ಕಾನ್ಪುರದಲ್ಲಿ ತಯಾರಾಗುವ ರಿವಾಲ್ವರ್ .32 ಅಳತೆಯದು. ಅಮೆರಿಕದ ತಯಾರಕರ ಒಕ್ಕೂಟ ಅದರ .32 ತೋಟಾಕ್ಕೆ ಹಾಕಿರುವ ಒತ್ತಡದ ಮಿತಿ 15,000 ಪಿಎಸ್‌ಐ. ಅಮೆರಿಕದ ಪೊಲೀಸರ ಹಳೆಯ .38 ಸ್ಪೆಷಲ್‌ಗೆ 17,000. 1935ರಲ್ಲಿ ಬಂದ .357 ಮ್ಯಾಗ್ನಮ್‌ಗೆ 35,000. ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 2,400 ಪಟ್ಟು ಅದು. ಅಚ್ಚರಿಯೆಂದರೆ .38 ಮತ್ತು .357ರ ಗುಂಡಿನ ದಪ್ಪ ಹೆಚ್ಚುಕಡಿಮೆ ಒಂದೇ. ಮ್ಯಾಗ್ನಮ್ಮಿನ ಕೇಸನ್ನು ಮೂರೂವರೆ ಮಿಲಿಮೀಟರಿನಷ್ಟು ಉದ್ದ ಮಾಡಿದರು, ಅಷ್ಟೇ. ಹೆಚ್ಚು ಮದ್ದು ಹಿಡಿಸುವುದು ಅದರ ಮುಖ್ಯ ಉದ್ದೇಶವಾಗಿರಲಿಲ್ಲ. ಹಳೆಯ, ಬಲ ಕಡಿಮೆಯ .38 ರಿವಾಲ್ವರಿನೊಳಗೆ ಈ ತೋಟಾ ಪೂರ್ತಿ ಇಳಿಯಬಾರದು, ಸಿಲಿಂಡರ್ ಮುಚ್ಚಲೇಬಾರದು ಎಂಬ ಕಾಳಜಿ ಅದರ ಹಿಂದಿತ್ತು.

ಈ ಮ್ಯಾಗ್ನಮ್‌ಗಳ ಹುಟ್ಟಿನಲ್ಲಿ ಮನೆಯಲ್ಲೇ ತೋಟಾ ತುಂಬುವವರ ಪಾಲು ದೊಡ್ಡದು. ಐಡಾಹೊ ರಾಜ್ಯದ ದನಗಾಹಿ ಎಲ್ಮರ್ ಕೀತ್ .44 ಸ್ಪೆಷಲ್ ತೋಟಾಗಳಿಗೆ ವರ್ಷಗಟ್ಟಲೆ ಬಲವಾದ ಮದ್ದು ತುಂಬಿ ಪರೀಕ್ಷಿಸಿದ, ಕಂಪನಿಗಳ ಬೆನ್ನು ಹತ್ತಿದ. 1955ರ ಕೊನೆಗೆ .44 ಮ್ಯಾಗ್ನಮ್ ರೂಪುಗೊಂಡಿತು. ಅದಕ್ಕೂ ಮುಂಚೆ ಅವನ ಕೈಯಲ್ಲೇ ಒಂದು .45 ರಿವಾಲ್ವರ್ ಸಿಡಿದಿತ್ತು. ಅಂಥ ಅಪಘಾತಗಳಿಂದ ಕಲಿತ ಪಾಠವೇ ಇಂದಿನ ಹ್ಯಾಂಡ್‌ಲೋಡಿಂಗ್ ಕೈಪಿಡಿಗಳ ಕಟ್ಟುನಿಟ್ಟು.

ಅತಿ ದೊಡ್ಡ ಅಪಾಯ ಎರಡು ಸಲ ಮದ್ದು ಬೀಳುವುದು. .38ರ ಕೇಸು ಹುಟ್ಟಿದ್ದು ಜಾಗ ಹೆಚ್ಚು ತಿನ್ನುವ ಕರಿಮದ್ದಿನ ಕಾಲದಲ್ಲಿ. ಹೊಸ ಮದ್ದು ಅದರ ತಳದಲ್ಲಷ್ಟೇ ಕೂರುತ್ತದೆ. ಬೇಗ ಉರಿಯುವ ಮದ್ದು ತಪ್ಪಿ ಎರಡು ಸಲ ಬಿದ್ದರೂ ಕೇಸು ತುಂಬಿ ಚೆಲ್ಲುವುದಿಲ್ಲ. ಮೇಲೆ ಗುಂಡು ಕೂರಿಸಿದ ಮೇಲಂತೂ ಆ ತಪ್ಪನ್ನು ಕಣ್ಣಿನಿಂದ ಹಿಡಿಯಲಾಗದು. ಅದನ್ನು ಹೊಡೆದರೆ ಸಿಲಿಂಡರ್ ಸೀಳಿ ಅದರ ಮೇಲಿನ ಉಕ್ಕಿನ ಪಟ್ಟಿಯೂ ಹಾರಿಹೋಗಬಹುದು. ಅದಕ್ಕೇ ಅನುಭವಿಗಳು ಕೇಸುಗಳನ್ನು ಹಲಗೆಯ ಗುಂಡಿಗಳಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ದೀಪ ಹಿಡಿದು ಪ್ರತಿಯೊಂದರ ಒಳಗೂ ನೋಡುತ್ತಾರೆ. ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು ಇಡುತ್ತಾರೆ, ಏಕೆಂದರೆ ನೋಡಲು ಒಂದೇ ತರಹದ ಎರಡು ಮದ್ದುಗಳು ಉರಿಯುವ ವೇಗದಲ್ಲಿ ಪೂರಾ ಬೇರೆಯಾಗಿರಬಹುದು. ಮದ್ದಿನ ತಯಾರಕರು ಒತ್ತಡ ಅಳೆದು ಪ್ರಕಟಿಸಿದ ಪಟ್ಟಿಯ ಕೆಳಗಿನ ಅಂಕಿಯಿಂದ ಶುರುಮಾಡುತ್ತಾರೆ, ಮೇಲಿನ ಅಂಕಿ ದಾಟುವುದಿಲ್ಲ. ಅವರ ತಕ್ಕಡಿ ಗ್ರೇನಿನ ಹತ್ತರಲ್ಲೊಂದು ಪಾಲನ್ನೂ ತೋರಿಸುತ್ತದೆ. ಅಂದರೆ ಆರೂವರೆ ಮಿಲಿಗ್ರಾಂ, ಅಕ್ಕಸಾಲಿಗರ ಒಂದು ಗುಲಗಂಜಿಯ ಸುಮಾರು ಹತ್ತೊಂಬತ್ತರಲ್ಲೊಂದು ಪಾಲು.

ಮದ್ದು ಕಡಿಮೆಯಾದರೂ ಅಪಾಯ ತಪ್ಪಿದ್ದಲ್ಲ. ಕೇಸಿಗೆ ಮದ್ದೇ ಬೀಳದಿದ್ದರೆ ಕೇಪಿನ ಬಲವೊಂದೇ ಗುಂಡನ್ನು ನಳಿಗೆಯೊಳಕ್ಕೆ ತಳ್ಳಿ ಅಲ್ಲೇ ಸಿಕ್ಕಿಸಿಬಿಡಬಹುದು. ಮುಂದಿನ ಗುಂಡು ಅದಕ್ಕೆ ಡಿಕ್ಕಿ ಹೊಡೆದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಸಿಡಿಯುತ್ತದೆ. ಮ್ಯಾಗ್ನಮ್ಮಿಗೆ ಬಳಸುವ ನಿಧಾನ ಉರಿಯ ಕೆಲವು ಮದ್ದುಗಳನ್ನು ಪಟ್ಟಿಗಿಂತ ಇಳಿಸಬೇಡಿ ಎಂದು ತಯಾರಕರೇ ಎಚ್ಚರಿಸುತ್ತಾರೆ. ರಿವಾಲ್ವರಿಗೆ ಇನ್ನೊಂದು ಸಮಸ್ಯೆಯುಂಟು. ಒಂದು ತೋಟಾ ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ, ಸಿಲಿಂಡರಿನಲ್ಲಿ ಉಳಿದ ತೋಟಾಗಳ ಗುಂಡುಗಳು ಇದ್ದಲ್ಲೇ ಇರಲು ಹವಣಿಸಿ ಕೇಸಿನಿಂದ ಮುಂದಕ್ಕೆ ಜಾರುತ್ತವೆ. ಮೂತಿ ಹೊರಚಾಚಿದರೆ ಸಿಲಿಂಡರ್ ತಿರುಗದೆ ಕಚ್ಚಿಕೊಳ್ಳುತ್ತದೆ. ಇದನ್ನು ತಡೆಯಲು ಕೇಸಿನ ಅಂಚನ್ನು ಗುಂಡಿನ ಮೇಲಿನ ತೋಡಿನೊಳಕ್ಕೆ ಮಡಿಸಿ ಬಿಗಿಯುತ್ತಾರೆ.

ಕೇಸಿನ ಹಿತ್ತಾಳೆಯ ಬಗ್ಗೆ ಜಗತ್ತಿಗೆ ಪಾಠ ಕಲಿಸಿದ್ದು ನಮ್ಮ ಮಳೆಗಾಲ. ಬ್ರಿಟಿಷ್ ಸೇನೆ ಭಾರತದಲ್ಲಿ ಮಳೆಯ ತಿಂಗಳುಗಳಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಕೇಸುಗಳಲ್ಲಿ ಬಿರುಕು. ಕಾರಣ ತಿಳಿಯದೆ ಅದನ್ನು ಋತುವಿನ ಬಿರುಕು ಎಂದರು. 1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಲೋಹವಿಜ್ಞಾನಿಗಳು ಗುಟ್ಟು ಬಿಡಿಸಿದರು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾ, ಜೊತೆಗೆ ತೇವ. ಕೇಸನ್ನು ಎಳೆದು ರೂಪಿಸುವಾಗ ಹಿತ್ತಾಳೆಯೊಳಗೆ ಉಳಿದ ಬಿಗಿತವಿದ್ದ ಕಡೆಯೇ ಅಮೋನಿಯಾ ಕೊರೆಯುತ್ತಿತ್ತು. ಹದವಾಗಿ ಕಾಯಿಸಿ ಆ ಬಿಗಿತ ಸಡಿಲಿಸುವುದೇ ಪರಿಹಾರವಾಯಿತು. ಮರಳಿ ತುಂಬುವ ಮುನ್ನ ಹವ್ಯಾಸಿಗಳೂ ಪ್ರತಿ ಕೇಸಿನ ಬಾಯಿ, ಬುಡವನ್ನು ಬಿರುಕಿಗಾಗಿ ನೋಡುತ್ತಾರೆ.

ನಮ್ಮಲ್ಲಿ ಈ ಹವ್ಯಾಸಕ್ಕೆ ಕಾನೂನಿನ ಬೇಲಿಯಿದೆ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಅದಕ್ಕೆಂದೇ ಬೇರೆ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸಿನಲ್ಲಿ ಆ ಹಕ್ಕು ಸೇರಿಲ್ಲ. ಈ ಬೇಲಿಯ ಅಗತ್ಯವನ್ನು ಭೌತವಿಜ್ಞಾನವೇ ಹೇಳುತ್ತದೆ. ಒತ್ತಡ ಅಳೆಯುವ ಉಪಕರಣವಿಲ್ಲದೆ ಅಂದಾಜಿನಲ್ಲಿ ತುಂಬಿದ ತೋಟಾ ಎಷ್ಟು ಒತ್ತಡ ಹುಟ್ಟಿಸುತ್ತದೆಂದು ಹೊಡೆಯುವವರೆಗೂ ಯಾರೂ ಹೇಳಲಾರರು.

ಮಲೆನಾಡಿನಲ್ಲಿ ಬೆಳೆ ಕಾಯಲು ಲೈಸೆನ್ಸ್ ಪಡೆದು ಕೇಪಿನ ಕೋವಿ ಇಟ್ಟುಕೊಂಡವರು ಈ ವಿಜ್ಞಾನವನ್ನು ಎಲ್ಲರಿಗಿಂತ ಹೆಚ್ಚು ತಿಳಿದಿರಬೇಕು. ಮಸಿ ಅಳೆದು ಸುರಿದು, ನಾರು ಗಿಡಿದು, ಚರೆ ತುಂಬುವ ಅವರು ಪ್ರತಿ ಈಡಿಗೂ ಕೈಯಾರೆ ಕೋವಿ ತುಂಬುವವರೇ. ಅವರ ಮಸಿ ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕದ ಕರಿಮದ್ದು. ಅದರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಅನಿಲವಾಗದೆ ಹೊಗೆ, ಕಿಟ್ಟವಾಗಿ ಉಳಿಯುತ್ತದೆ. ಒತ್ತಡಕ್ಕೆ ಅದು ಹೊಸ ಮದ್ದಿನಷ್ಟು ಕೆರಳುವುದೂ ಇಲ್ಲ. ಮಸಿ ಸಿಗದೆಂದು ತೋಟಾ ಬಿಚ್ಚಿ ಅದರ ಮದ್ದನ್ನು ಅದೇ ಅಳತೆಯಲ್ಲಿ ಕೇಪಿನ ಕೋವಿಗೆ ಸುರಿದರೆ, ಆ ನಳಿಗೆ ಎಂದೂ ಕಾಣದ ಒತ್ತಡ ಎದ್ದು ಕೈ, ಕಣ್ಣು ಹೋಗುತ್ತದೆ. ಹಾಗಾಗಿ ಕೇಪಿನ ಕೋವಿಗೆ ಮಸಿಯೊಂದೇ, ಅದೂ ಆ ಕೋವಿ ತಾಳುವ ಅಳತೆಯಷ್ಟೇ. ತೋಟಾ ಬೇಕಾದರೆ ಪರವಾನಗಿಯುಳ್ಳ ಅಂಗಡಿಯದು, ಬಂದೂಕಿನ ಮೇಲೆ ಕೆತ್ತಿದ ಅಳತೆಯದೇ ಆಗಿರಲಿ. ಹೊಡೆದಾಗ ಸದ್ದು ಕುಗ್ಗಿದಂತೆ ಕೇಳಿದರೆ ಮೂತಿಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಒಂದೆರಡು ನಿಮಿಷ ತಾಳಿ, ಬಂದೂಕು ಖಾಲಿ ಮಾಡಿ, ನಳಿಗೆ ತೆರವಾಗಿದೆಯೇ ಎಂದು ನೋಡದೆ ಎರಡನೇ ಈಡು ಹೊಡೆಯಬೇಡಿ.