ಬ್ಯೂಫರ್ಟ್: ನೆಲದ ಎತ್ತರ ನೋಡಿ ಮನೆ ಹುಡುಕಬೇಕಾದ ಊರು

ಹಿಮಕ್ಕೂ ದುಬಾರಿ ಬದುಕಿಗೂ ಬೇಸತ್ತು ಮಕ್ಕಳುಮರಿಗಳೊಂದಿಗೆ ಅಮೆರಿಕದ ದಕ್ಷಿಣ ಕರಾವಳಿಗೆ ವಲಸೆ ಬರಲು ಬಯಸುವ ಕುಟುಂಬಗಳು ಪರಿಶೀಲಿಸುವ ಊರುಗಳಲ್ಲಿ ದಕ್ಷಿಣ ಕೆರೊಲಿನಾ ರಾಜ್ಯದ ಬ್ಯೂಫರ್ಟ್ ಒಂದು. ಚಾರ್ಲ್ಸ್‌ಟನ್ ಮತ್ತು ಸವಾನಾ ನಗರಗಳ ನಡುವೆ ಪೋರ್ಟ್ ರಾಯಲ್ ದ್ವೀಪದ ಮೇಲೆ ಕುಳಿತಿರುವ, 2020ರ ಜನಗಣತಿಯಂತೆ ಹದಿಮೂರು ಸಾವಿರ ದಾಟಿದ ಜನಸಂಖ್ಯೆಯ ಈ ಊರಿನಲ್ಲಿ ಆಸ್ಪತ್ರೆ, ವಿಶ್ವವಿದ್ಯಾಲಯದ ಶಾಖೆ, ಸೇನಾ ನೆಲೆಗಳು ಎಲ್ಲವೂ ಇವೆಯಾದರೂ, ಇಲ್ಲಿ ಮನೆ ಕೊಳ್ಳುವವರು ಶಾಲೆ, ಅಂಗಡಿಗಳಿಗಿಂತ ಮೊದಲು ವಿಚಾರಿಸಬೇಕಾದದ್ದು ಆ ನಿವೇಶನ ಸಮುದ್ರಮಟ್ಟದಿಂದ ಎಷ್ಟು ಅಡಿ ಮೇಲಿದೆ ಎಂಬುದನ್ನು.

ಹಳೆಯ ಊರನ್ನು ಕಟ್ಟಿದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ನದಿಯ ದಂಡೆಯ ದಿಬ್ಬದ ಮೇಲೆ ನಿಂತಿರುವ ಮನೆಗಳು ಎತ್ತರದ ಕಮಾನು ತಳಪಾಯದ ಮೇಲಿದ್ದು, ಗಾಳಿಯನ್ನು ಬರಮಾಡಿಕೊಳ್ಳಲು ಎರಡಂತಸ್ತಿನ ಜಗಲಿಗಳನ್ನು ದಕ್ಷಿಣಕ್ಕೆ ಚಾಚಿಕೊಂಡಿವೆ. ಆ ತಳಪಾಯದ ಗಾರೆಗೆ ‘ಟ್ಯಾಬಿ’ ಎಂದು ಹೆಸರು: ಸಿಂಪಿಯ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣಕ್ಕೆ ಮರಳು, ನೀರು ಮತ್ತು ಇಡಿಯಾದ ಚಿಪ್ಪುಗಳನ್ನೇ ಬೆರೆಸಿ, ಹಲಗೆಯ ಅಚ್ಚಿನಲ್ಲಿ ಪದರ ಪದರವಾಗಿ ದಮ್ಮಸ್ಸು ಮಾಡಿ ಗೋಡೆ ಎಬ್ಬಿಸುತ್ತಿದ್ದರು. ಮೇಲಿನ ಗಿಲಾವು ಉದುರಿದ ಕಡೆಗಳಲ್ಲಿ ಗೋಡೆಯ ಒಡಲಿನ ಚಿಪ್ಪುಗಳು ಅಂಚು ಹೊರಚಾಚಿಕೊಂಡು ನಿಂತಿರುವುದನ್ನು ಇಂದಿಗೂ ಕಾಣಬಹುದು. ಚಿಪ್ಪು ಸುಟ್ಟ ಸುಣ್ಣದಿಂದ ಗೋಡೆ ಬಳಿದ ನೆನಪಿರುವ ನಮ್ಮ ಕರಾವಳಿಯ ಹಿರಿಯರಿಗೆ ಈ ವಿದ್ಯೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿನ ಅಧಿಕೃತ ಚರಿತ್ರೆ ಕೈಪಿಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. 1711ರಲ್ಲಿ ಸ್ಥಾಪನೆ, ನೀಲಿ, ಭತ್ತ ಮತ್ತು ಹತ್ತಿಯ ತೋಟಗಳ ಸಿರಿವಂತಿಕೆ, ಅದರ ಹಿಂದೆ ಗುಲಾಮರ ದುಡಿಮೆ, ಅಂತರ್ಯುದ್ಧದ ವೇಳೆ 1861ರ ನವೆಂಬರಿನಲ್ಲಿ ಉತ್ತರದ ರಾಜ್ಯಗಳ ನೌಕಾಪಡೆ ಬಂದಾಗ ತೋಟದೊಡೆಯರ ಪಲಾಯನ, ಇಲ್ಲಿಯೇ ಗುಲಾಮನಾಗಿ ಹುಟ್ಟಿದ ರಾಬರ್ಟ್ ಸ್ಮಾಲ್ಸ್ 1862ರಲ್ಲಿ ‘ಪ್ಲಾಂಟರ್’ ಎಂಬ ಹಡಗನ್ನು ಅಪಹರಿಸಿ ಸ್ವತಂತ್ರನಾಗಿ ಮುಂದೆ ಸಂಸತ್ ಸದಸ್ಯನಾದದ್ದು, ಅದೇ ವರ್ಷ ಸೇಂಟ್ ಹೆಲೆನಾ ದ್ವೀಪದಲ್ಲಿ ವಿಮೋಚಿತರಿಗಾಗಿ ಪೆನ್ ಶಾಲೆ ಆರಂಭವಾದದ್ದು, 1893ರ ಚಂಡಮಾರುತದಲ್ಲಿ ದ್ವೀಪಗಳ ಸಾವಿರಾರು ಜನ ಸತ್ತದ್ದು.

ನೋಡುಗರ ಗಮನವನ್ನು ಸ್ಮಾರಕಗಳಿಗಿಂತ ಹೆಚ್ಚು ಹಿಡಿದಿಡುವುದು ದ್ವೀಪಗಳ ಮೀನುಬಲೆ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿಯಾದ, ತಮ್ಮದೇ ಮಿಶ್ರಭಾಷೆಯನ್ನೂ ನಡೆನುಡಿಯನ್ನೂ ಉಳಿಸಿಕೊಂಡಿರುವ ಗಲ್ಲಾ ಸಮುದಾಯದವರು ಬೀಸುಬಲೆಯನ್ನು ಕೈಯಿಂದಲೇ ಹೆಣೆಯುತ್ತಿದ್ದರು. ತುದಿಯಲ್ಲಿ ಕೆಲವೇ ಕಣ್ಣುಗಳಿಂದ ಆರಂಭಿಸಿ, ಸುತ್ತು ಸುತ್ತಿಗೂ ಕಣ್ಣು ಹೆಚ್ಚಿಸುತ್ತ, ನೂಲು ಸುತ್ತಿದ ಮರದ ಸೂಜಿಯನ್ನು ಅಳತೆಯ ಪಟ್ಟಿಯ ಮೇಲೆ ಹಾಯಿಸಿ ಗಂಟು ಬಿಗಿಯುತ್ತ, ಕೊನೆಗೆ ಅಂಚಿಗೆ ಸೀಸದ ಗುಂಡು ಪೋಣಿಸುವಷ್ಟರಲ್ಲಿ ವಾರಗಳೇ ಕಳೆಯುತ್ತವೆ. ಯಂತ್ರದಲ್ಲಿ ನೇಯ್ದ ನೈಲಾನ್ ಬಲೆ ಅಂಗಡಿಯಲ್ಲಿ ಅಗ್ಗವಾಗಿ ಸಿಗುವಾಗ ಈ ಕೆಲಸಕ್ಕೆ ಹೊಸಬರು ಬರುವುದಿಲ್ಲ, ಬಲ್ಲವರು ಬೆರಳೆಣಿಕೆಗೆ ಇಳಿದಿದ್ದಾರೆ. ಬಲೆ ಬೀಸುವವರಿಗೆ ಮಾತ್ರ ಕೊರತೆಯಿಲ್ಲ. ಶರತ್ಕಾಲದಲ್ಲಿ ಸರ್ಕಾರ ಅರವತ್ತು ದಿನಗಳ ಹವ್ಯಾಸಿ ಸಿಗಡಿ ಬೇಟೆಗೆ ಅನುಮತಿ ನೀಡಿದಾಗ ಜನ ಸಂಜೆಗತ್ತಲಲ್ಲಿ ದೋಣಿ ಏರಿ, ಕೆಸರಿನಲ್ಲಿ ಹತ್ತು ಗಳಗಳನ್ನು ನೆಟ್ಟು, ಅವುಗಳ ಬುಡಕ್ಕೆ ಮೀನಿನ ಹಿಟ್ಟು ಕಲಸಿದ ಮಣ್ಣುಂಡೆ ಎಸೆದು, ಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಬೀಸುತ್ತಾರೆ.

ಸಿಗಡಿಯನ್ನೇ ಹೊಟ್ಟೆಪಾಡು ಮಾಡಿಕೊಂಡವರ ಸ್ಥಿತಿ ಬೇರೆ. ಎಳೆಬಲೆಯ ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಸಿಗಡಿ ವಿಂಗಡಿಸುವ, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಡುವ ಕೆಲಸಗಾರರೊಬ್ಬರ ದೂರು ಡೀಸೆಲ್ ಬೆಲೆಯಿಂದ ತೊಡಗಿ ಹೋಟೆಲುಗಳವರೆಗೆ ಹರಿಯುತ್ತದೆ: ಪ್ರವಾಸಿಗರು ನದಿ ನೋಡುತ್ತ ತಿನ್ನುವ ಸಿಗಡಿ ಆ ನದಿಯದ್ದಲ್ಲ, ಕೊಳದಲ್ಲಿ ಸಾಕಿ ಹೊರದೇಶದಿಂದ ತಂದದ್ದು ಎಂಬುದು ಅವರ ಅಳಲು. ದೂರು ಬುಡವಿಲ್ಲದ್ದಲ್ಲ, ಅಮೆರಿಕನ್ನರು ತಿನ್ನುವ ಸಿಗಡಿಯಲ್ಲಿ ಶೇ 90ಕ್ಕೂ ಹೆಚ್ಚು ಆಮದಿನದು. ಅದರಲ್ಲಿ ದೊಡ್ಡ ಪಾಲು ಭಾರತದ್ದು, ಅಲ್ಲಿಯೂ ಮುಖ್ಯವಾಗಿ ಆಂಧ್ರದ ಕೊಳಗಳದ್ದು ಎಂಬುದು ಇಲ್ಲಿ ನೆಲೆಸಲು ಬರುವ ಭಾರತೀಯರಿಗೆ ತಿಳಿದಿದ್ದರೆ ಒಳ್ಳೆಯದು.

ಊರಿನ ಇನ್ನೊಂದು ನಿತ್ಯದ ಗೊಣಗಾಟಕ್ಕೆ ಕಾರಣ ಲೇಡಿಸ್ ದ್ವೀಪಕ್ಕೆ ಹೋಗುವ ತಿರುಗುಸೇತುವೆ. ಎತ್ತರದ ದೋಣಿ ಬಂದಾಗ ನಡುಭಾಗ ಅಡ್ಡ ತಿರುಗಿ ದಾರಿ ಬಿಡುವ ಈ ಸೇತುವೆ, ವಾಹನದ ಸಾಲನ್ನು ಅಷ್ಟು ಹೊತ್ತು ಬಿಸಿಲಿನಲ್ಲಿ ಕಾಯಿಸುತ್ತದೆ. ದ್ವೀಪದಲ್ಲಿ ಮನೆ, ಊರಿನಲ್ಲಿ ಶಾಲೆ ಎಂದು ಲೆಕ್ಕ ಹಾಕಿದವರು ಇದನ್ನೂ ಕೂಡಿಸಿಕೊಳ್ಳಬೇಕು. ಏಳೆಂಟು ಅಡಿಯ ಭರತ ಇಳಿದಾಗ ಜೌಗಿನ ಕೆಸರು ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಸಂಜೆ ಜಗಲಿಯಲ್ಲಿ ಕೂರಗೊಡುವುದಿಲ್ಲ, ವಾಯುನೆಲೆಯ ಯುದ್ಧವಿಮಾನಗಳು ಮಾತನ್ನು ನಡುವೆಯೇ ಕತ್ತರಿಸುತ್ತವೆ.

ಖರ್ಚಿನ ಲೆಕ್ಕದಲ್ಲಿ ಹೊಸಬರು ಎಡವುವುದು ವಿಮೆಯಲ್ಲಿ. ಸಾಮಾನ್ಯ ಗೃಹವಿಮೆ ನೆರೆಯ ಹಾನಿಯನ್ನು ಭರಿಸುವುದಿಲ್ಲ. ಅದಕ್ಕೆ ಪ್ರತ್ಯೇಕ ನೆರೆವಿಮೆ ಬೇಕು, ಕೇಂದ್ರ ಸರ್ಕಾರದ ಯೋಜನೆಯಲ್ಲಿ ಮನೆಯ ಕಟ್ಟಡಕ್ಕೆ ಸಿಗುವ ಗರಿಷ್ಠ ಮೊತ್ತ 2,50,000 ಡಾಲರ್, ಮತ್ತು ಸಾಮಾನ್ಯವಾಗಿ ವಿಮೆ ಜಾರಿಗೆ ಬರುವುದು ಕೊಂಡ 30 ದಿನಗಳ ನಂತರವಾದ್ದರಿಂದ ಚಂಡಮಾರುತ ಹೊರಟ ಸುದ್ದಿ ಕೇಳಿ ಕೊಂಡರೆ ಪ್ರಯೋಜನವಿಲ್ಲ. ತೆರಿಗೆ ಮಾತ್ರ ಕುಟುಂಬಸ್ಥರ ಪರವಾಗಿದೆ. ಸ್ವಂತ ವಾಸದ ಮನೆಯ ಮೌಲ್ಯದಲ್ಲಿ ಶೇ 4ರಷ್ಟನ್ನು, ರಜೆಗಷ್ಟೇ ಬರುವವರ ಮನೆಯಲ್ಲಿ ಶೇ 6ರಷ್ಟನ್ನು ತೆರಿಗೆಗೆ ಪರಿಗಣಿಸುತ್ತಾರೆ.

ವಿಮೆ ಅಗ್ಗವಾಗಬೇಕೆಂದರೆ ಎತ್ತರದ ನೆಲ ಬೇಕು, ಆದರೆ ಸೇಂಟ್ ಹೆಲೆನಾದಂಥ ದ್ವೀಪಗಳಲ್ಲಿ ಹೆಚ್ಚಿನ ನೆಲಕ್ಕೆ ಹಳೆಯ ವಾರಸುದಾರರಿದ್ದಾರೆ. ಅಂತರ್ಯುದ್ಧದ ಕಾಲದ ಹರಾಜಿನಲ್ಲಿ ವಿಮೋಚಿತರು ಕೊಂಡ ಜಮೀನು ಉಯಿಲಿಲ್ಲದೆ ತಲೆಮಾರು ದಾಟಿ, ಎಲ್ಲ ಸಂತತಿಯ ಅವಿಭಕ್ತ ಆಸ್ತಿಯಾಗಿ ನಿಂತಿದೆ. ಒಬ್ಬ ಪಾಲುದಾರನಿಂದ ಪಾಲು ಕೊಂಡ ಹೊರಗಿನವರು ನ್ಯಾಯಾಲಯಕ್ಕೆ ಹೋಗಿ ಇಡೀ ಜಮೀನನ್ನೇ ಹರಾಜು ಹಾಕಿಸುತ್ತಿದ್ದ ದಾರಿಗೆ 2016ರಲ್ಲಿ ಅಂಗೀಕಾರವಾದ ರಾಜ್ಯ ಕಾಯ್ದೆಯೊಂದು ಕಡಿವಾಣ ಹಾಕಿ, ಉಳಿದ ಪಾಲುದಾರರಿಗೆ ಮೊದಲು ಕೊಳ್ಳುವ ಹಕ್ಕು ನೀಡಿತು. ಬೇಲಿ ಹಾಕಿದ ಬಡಾವಣೆ, ಗಾಲ್ಫ್ ಮೈದಾನಗಳನ್ನು ಸೇಂಟ್ ಹೆಲೆನಾದಲ್ಲಿ ಕೌಂಟಿಯ ನಿಯಮ ನಿಷೇಧಿಸಿದ್ದು, 2023ರಲ್ಲಿ ಅದನ್ನು ಸಡಿಲಿಸುವ ಕೋರಿಕೆ ಬಂದಾಗ ದ್ವೀಪದವರು ಒಟ್ಟಾಗಿ ವಿರೋಧಿಸಿ ತಡೆದರು. ಅಲ್ಲಿ ಕಡಿಮೆ ಬೆಲೆಗೆ ನಿವೇಶನವಿದೆ ಎಂದು ಯಾರಾದರೂ ಹೇಳಿದರೆ, ಮುಂಗಡ ಕೊಡುವ ಮೊದಲು ವಕೀಲರಿಂದ ಹಕ್ಕುಪತ್ರ ಪರಿಶೀಲಿಸಿ, ಮಾರಾಟಕ್ಕೆ ಸಹಿ ಹಾಕದ ಸೋದರಸಂಬಂಧಿಗಳು ಎಷ್ಟು ಮಂದಿ, ಯಾವ ಯಾವ ಊರಲ್ಲಿದ್ದಾರೆ ಎಂದು ತಿಳಿದುಕೊಳ್ಳಬೇಕು.